ಕೆಂಪು ಚುಕ್ಕೆಯ ಮುಚ್ಚಳ

ಪ್ರಯೋಗಾಲಯದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮಧುಗಿರಿಯ ನನ್ನ ಮನೆಗೆ ಆಗಾಗ ಬರುತ್ತಾರೆ. ರಂಗಸ್ವಾಮಿಯವರು ಮೂವತ್ತು ವರ್ಷ ಕ್ಯಾನ್ಸರ್ ಸಂಶೋಧನೆಯಲ್ಲಿದ್ದರು ಎಂದು ಯಾರೋ ಅವರ ಕಿವಿಗೆ ಹಾಕಿರುತ್ತಾರೆ. ಸಂಶೋಧನೆ ಮಾಡಿದವರು ಬೇರೆಯವರು, ನಾನು ಟೆಕ್ನಿಷಿಯನ್. ಸೀಸೆ ತೊಳೆದೆ, ದ್ರಾವಣ ಕಲಸಿದೆ, ಕೋಶ ಬೆಳೆಸಿದೆ, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದೆ. ಬಡ್ತಿಯೂ ಬಂತು, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬಂದವರಿಗೆ ಕಾಫಿ ಕೊಟ್ಟು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಸೀಸೆಗೆ ಗುರುತು ಎಲ್ಲಿ ಹಾಕುತ್ತೀರಿ, ಮೈಮೇಲೋ ಮುಚ್ಚಳದ ಮೇಲೋ? ಅವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಅರವತ್ತಕ್ಕೆ ಅರಳು ಮರಳು ಎಂದುಕೊಳ್ಳುತ್ತಾರೇನೋ. ಈ ಪ್ರಶ್ನೆಯ ಹಿಂದೆ ನನ್ನ ಅಕ್ಕನ ಕಥೆ ಇದೆ ಎಂದು ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ಬರೆದು ನೋಡೋಣ ಎಂದು ಕೂತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕೇಂದ್ರ ಇದ್ದದ್ದು ಕೊರಟಗೆರೆ ದಾಟಿ ತುಮಕೂರಿನ ಕಡೆ. ದಿನಾ ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ಅಲ್ಲಿ ನಾವು ನೋಡುತ್ತಿದ್ದದ್ದು ಕೋಶದೊಳಗಿನ ಕೆಲವು ಪ್ರೋಟೀನುಗಳನ್ನು. ಯಾವ ವಂಶವಾಹಿ ಈಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಅಪ್ಪಣೆ ಕೊಡುವ ಪ್ರೋಟೀನುಗಳಿವು. ಕೋಶ ಬೆಳೆಯಲಿ, ಎರಡಾಗಲಿ ಎಂಬ ಅಪ್ಪಣೆಯೂ ಇವುಗಳದ್ದೇ. ಆದರೆ ಇವು ತಮ್ಮಷ್ಟಕ್ಕೆ ತಾವು ಹೊರಡುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಎಷ್ಟು ದಿನ ಬಿದ್ದಿದ್ದರೂ ಸೀಲು ಬೀಳದೆ ಮುಂದಕ್ಕೆ ಹೋಗುವುದಿಲ್ಲವಲ್ಲ, ಹಾಗೆ. ಇಲ್ಲಿ ಸೀಲು ಎಂದರೆ ಫಾಸ್ಫೇಟ್ ಎಂಬ ಚಿಕ್ಕ ತುಣುಕು. ಒಂದು ಜಾತಿಯ ಕಿಣ್ವ ಅದನ್ನು ಅಂಟಿಸುತ್ತದೆ, ಇನ್ನೊಂದು ಜಾತಿಯದು ಕಿತ್ತು ತೆಗೆಯುತ್ತದೆ. ನಾನು ಬಹಳ ವರ್ಷ ನೋಡಿದ ಸ್ಟ್ಯಾಟ್-ಮೂರು ಎಂಬ ಪ್ರೋಟೀನಿಗೆ ಸೀಲು ಬಿದ್ದರೆ ಅದು ಜೊತೆಗಾರನನ್ನು ಹಿಡಿದುಕೊಂಡು ವಂಶವಾಹಿಗಳಿರುವ ಕೋಶದ ನಡುಮನೆಗೇ ನುಗ್ಗಿ ಬೆಳೆಯಲು ಅಪ್ಪಣೆ ಕೊಡುತ್ತದೆ. ಆರೋಗ್ಯದ ಕೋಶದಲ್ಲಿ ಸ್ವಲ್ಪ ಹೊತ್ತಿಗೆ ಸೀಲು ಕಿತ್ತುಹೋಗುತ್ತದೆ, ಅಪ್ಪಣೆ ಮುಗಿಯುತ್ತದೆ. ಎಷ್ಟೋ ಕ್ಯಾನ್ಸರುಗಳಲ್ಲಿ ಅದು ಹೋಗುವುದೇ ಇಲ್ಲ. ಮಿಕ್ ಎಂಬ ಇನ್ನೊಂದು ಪ್ರೋಟೀನ್ ಇದೆ, ಅದರದ್ದು ಇನ್ನೂ ತಮಾಷೆ. ಮಣಿಸರದಂತಿರುವ ಅದರ ಮೈಯಲ್ಲಿ ಒಂದು ಮಣಿಯ ಮೇಲೆ ಸೀಲು ಬಿದ್ದರೆ 'ಇದು ಇರಲಿ' ಎಂದರ್ಥ, ನಾಲ್ಕು ಮಣಿ ಆಚೆ ಬಿದ್ದರೆ 'ತೆಗೆದು ಹಾಕಿ' ಎಂದರ್ಥ. ಗುರುತು ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಜೀವ ನಿಂತಿದೆ ಎಂದು ದಿನಾ ನೋಡುತ್ತಿದ್ದವನೇ ನಾನು ಗುರುತನ್ನು ತಪ್ಪು ಜಾಗದಲ್ಲಿ ಹಾಕಿದೆ.

ನಾನು ಸೇರಿದಾಗ ಈ ಸೀಲು ನೋಡಬೇಕಾದರೆ ವಿಕಿರಣ ಸೂಸುವ ರಂಜಕ ಬಳಸಬೇಕಿತ್ತು. ಆಗಿನ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಸಂಜೆ ಬಾಗಿಲಲ್ಲಿ ನಿಂತು ವಿಕಿರಣದ ಎಣಿಕೆಯಂತ್ರವನ್ನು ಪ್ರತಿಯೊಬ್ಬರ ಕೈಗೆ, ಕಾಲಿಗೆ ಹಿಡಿದೇ ಹೊರಗೆ ಬಿಡುತ್ತಿದ್ದರು. ಒಂದು ದಿನ ಅದು ನನ್ನ ಎಡಗಾಲಿನ ಹತ್ತಿರ ಟಿಕ್ ಟಿಕ್ ಎಂದು ಕಿರುಚಿಕೊಂಡಿತು. ದೊಡ್ಡ ಸರ್ ಕಾಲು ತೊಳೆಸಿ ಮತ್ತೆ ನೋಡಿದರು, ಕಾಲು ಸುಮ್ಮನಿತ್ತು, ಚಪ್ಪಲಿ ಮಾತ್ರ ಬಡಬಡಿಸುತ್ತಿತ್ತು. "ಹದಿನಾಲ್ಕು ದಿನಕ್ಕೆ ಅರ್ಧ ಕರಗುತ್ತೆ ರಂಗಸ್ವಾಮಿ, ಐದು ತಿಂಗಳು ಬಿಟ್ಟು ಬಂದು ತಗೊಳ್ಳಿ" ಎಂದು ಅದನ್ನು ಸೀಸದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಮದುವೆಯಾದ ಹೊಸತು, ಮಾವನ ಮನೆಯವರು ಕೊಡಿಸಿದ ಚಪ್ಪಲಿ. ಬರಿಗಾಲಲ್ಲಿ ಬಸ್ಸು ಹತ್ತಿ ಮನೆಗೆ ಹೋದೆ. ದೇವಸ್ಥಾನದಲ್ಲಿ ಕಳೆದುಹೋಯಿತು ಎಂದು ಹೆಂಡತಿಗೆ ಹೇಳಿದೆ. ಐದು ತಿಂಗಳ ಮೇಲೆ ಅದೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಾಗ ಅವಳು ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ಪ್ರತಿಕಾಯಗಳು ಬಂದವು. ಸೀಲು ಬಿದ್ದ ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿಯುವಂಥವು. ಪ್ರೋಟೀನುಗಳನ್ನು ಒಂದು ಹಾಳೆಯ ಮೇಲೆ ಇಳಿಸಿ, ಪ್ರತಿಕಾಯ ಹಾಕಿ, ಎಕ್ಸ್-ರೇ ಫಿಲ್ಮಿನ ಮೇಲಿಟ್ಟರೆ ಸೀಲು ಇದ್ದಲ್ಲಿ ಒಂದು ಕಪ್ಪು ಗೆರೆ ಮೂಡುತ್ತಿತ್ತು. ಪ್ರತಿಕಾಯ ಕಂಡಕಂಡಲ್ಲಿ ಅಂಟಬಾರದೆಂದು ಹಾಳೆಯನ್ನು ಮೊದಲು ಹಾಲಿನ ಪುಡಿಯ ನೀರಿನಲ್ಲಿ ನೆನೆಸುವುದು ವಾಡಿಕೆ. ನಾನೂ ಹಾಗೇ ಮಾಡಿದೆ. ಆ ಸಲದ ಪ್ರತಿಕಾಯ ಯಾವ ಪ್ರೋಟೀನಾದರೂ ಸರಿ, ಸೀಲು ಇದ್ದರೆ ಹಿಡಿಯುವಂಥದ್ದು. ಫಿಲ್ಮು ಪೂರ್ತಿ ಕಾವಲಿಯ ತಳದ ಹಾಗೆ ಕಪ್ಪಾಗಿ ಬಂತು. ಒಂದು ವಾರ ಪ್ರತಿಕಾಯಕ್ಕೆ ಬೈದೆ, ನೀರಿಗೆ ಬೈದೆ, ಕರೆಂಟಿಗೆ ಬೈದೆ. ಕೊನೆಗೆ ಗೊತ್ತಾದದ್ದು, ಹಾಲಿನಲ್ಲಿರುವ ಪ್ರೋಟೀನಿಗೇ ಮೈತುಂಬ ಫಾಸ್ಫೇಟ್ ಸೀಲು. ಕಳ್ಳನನ್ನು ಹುಡುಕಲು ಬಂದ ಪೊಲೀಸರ ಮುಂದೆ ಊರಿನವರೆಲ್ಲ ಮುಸುಕು ಹಾಕಿಕೊಂಡು ನಿಂತಂತಾಗಿತ್ತು. ಆ ಪುಡಿಯ ಡಬ್ಬಿ ಅಂದಿನಿಂದ ಕಾಫಿಗೆ ಮಾತ್ರ ಉಪಯೋಗಕ್ಕೆ ಬಂತು.

ಇಲ್ಲಿ ಐಸಿನ ವಿಷಯ ಹೇಳಲೇಬೇಕು. ಸಿರಾದ ಒಂದು ಆಸ್ಪತ್ರೆಯಲ್ಲಿ ಗೆಡ್ಡೆ ತೆಗೆದ ದಿನ ಅದರ ಚೂರು ತರಲು ನನ್ನನ್ನು ಕಳಿಸುತ್ತಿದ್ದರು. ದೇಹದಿಂದ ಹೊರಗೆ ಬಂದ ಕೂಡಲೇ ಕೋಶಗಳು ಸಾಯತೊಡಗುತ್ತವೆ, ಒಳಗಿನ ಕಿಣ್ವಗಳು ಸಿಕ್ಕಸಿಕ್ಕ ಸೀಲನ್ನೆಲ್ಲ ಕೀಳುತ್ತವೆ. ತಣ್ಣಗೆ ಇಟ್ಟರೆ ಅವುಗಳ ಕೈ ನಿಧಾನವಾಗುತ್ತದೆ, ಅಷ್ಟೇ. ಸಿರಾದ ಐಸಿನ ಅಂಗಡಿಯ ಸಾಹೇಬರು ಮೊದಲ ಸಲ, "ಕ್ಯಾ ಭಾಯ್, ಮೀನಾ?" ಎಂದಿದ್ದರು. ಏನೆಂದು ಹೇಳಿದೆ. ಸುತ್ತಿಗೆ ಕೈಗೆತ್ತಿಕೊಂಡು, "ನಮ್ಮ ಅಮ್ಮೀಜಾನ್‌ಗೂ ಅದೇ ಬೀಮಾರಿ ಇತ್ತು. ಬರಫ್ ಪುಡಿ ಮಾಡಿ ಕೊಡ್ತೀನಿ ಇರಿ, ಗಟ್ಟಿ ಐಸು ಸಂದಿ ಬಿಡುತ್ತೆ" ಎಂದರು. ಅಲ್ಲಿಂದ ಮುಂದೆ ನಾನು ಹೋಗುವ ಹೊತ್ತಿಗೆ ಪುಡಿ ಐಸು ಗೋಣಿಯೊಳಗೆ ಸಿದ್ಧವಾಗಿರುತ್ತಿತ್ತು. ನನಗೆ ಬೆಲೆಬಾಳುವ ಪಾಠ ಹೇಳಿದವರಲ್ಲಿ ಅವರೂ ಒಬ್ಬರು.

ಪ್ರಯೋಗಾಲಯದಲ್ಲಿ ಕೋಶ ಒಡೆಯುವಾಗಲೂ ಇದೇ ಕಾಟ. ಅದಕ್ಕೇ ಕೋಶ ಒಡೆಯುವ ದ್ರಾವಣಕ್ಕೆ ಆ ಕಿಣ್ವಗಳ ಕೈ ಕಟ್ಟುವ ಮದ್ದು ಬೆರೆಸುತ್ತೇವೆ. ನಾವು ತಡೆಮದ್ದು ಎನ್ನುತ್ತಿದ್ದೆವು. ಮದ್ದು ಬೆರೆಸಿದ ಸೀಸೆ ಒಂದು, ಬೆರೆಸದೆ ಬೇರೆ ಕೆಲಸಕ್ಕೆ ಇಟ್ಟ ಬರೀ ದ್ರಾವಣದ ಸೀಸೆ ಒಂದು. ಎರಡೂ ಒಂದೇ ಅಳತೆ, ಎರಡರೊಳಗೂ ನೀರಿನಂಥ ದ್ರಾವಣ. ಮದ್ದು ಇರುವುದರ ಮುಚ್ಚಳದ ಮೇಲೆ ಕೆಂಪು ಚುಕ್ಕೆ. ಆ ಚುಕ್ಕೆಯ ಪದ್ಧತಿ ನನ್ನದೇ. ಸೀಸೆಯ ಮೈ ಐಸಿನಲ್ಲಿ ಹೂತಿರುತ್ತದೆ, ಮೇಲಿಂದ ನೋಡಿದರೆ ಮುಚ್ಚಳ ತಾನೇ ಕಾಣುವುದು ಎಂಬುದು ನನ್ನ ಜಾಣತನ.

ದೊಡ್ಡ ಸರ್ ಹೋದ ಮೇಲೆ ವಸುಧಾ ಮೇಡಂ ಬಂದರು. ಮಾತು ಕಡಿಮೆ. "ಒಂದು ಸಲ ಆದದ್ದು ಸುದ್ದಿ, ಮೂರು ಸಲ ಆದದ್ದು ಫಲಿತಾಂಶ" ಎಂಬುದು ಅವರು ಹೇಳುತ್ತಿದ್ದ ಮಾತು, ನಮಗೆ ಕೇಳಿ ಕೇಳಿ ಬೇಸರವಾಗಿತ್ತು. ಅವರ ಕೈಕೆಳಗೆ ಪಿಎಚ್‌.ಡಿ.ಗೆ ಬಂದವಳು ಶ್ರಾವಣಿ, ಪಾವಗಡದ ನಾಗಲಮಡಿಕೆಯ ಹುಡುಗಿ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಬೆಳೆಯುವ ಒಂದು ಗಿಡದ ಸೊಪ್ಪಿನ ರಸ ಸ್ಟ್ಯಾಟ್-ಮೂರರ ಸೀಲು ಕೀಳುತ್ತದೆಯೇ ಎಂಬುದು ಅವಳ ಪ್ರಶ್ನೆ. ಗಿಡದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಕಷಾಯ ಕುದಿಸುತ್ತಾರೆ.

ಆ ವರ್ಷವೇ ನನ್ನ ಗಂಗಕ್ಕನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದದ್ದು. ಅವಳು ನನ್ನ ಒಡಹುಟ್ಟಿದವಳು, ಐ.ಡಿ.ಹಳ್ಳಿಗೆ ಕೊಟ್ಟಿತ್ತು. ಅವ್ವ ಬೇಗ ಹೋದದ್ದರಿಂದ ನನಗೆ ತಲೆ ಬಾಚಿ, ಮುದ್ದೆ ನುಂಗುವುದು ಕಲಿಸಿ, ಮೂಗು ಒರೆಸಿ ಬೆಳೆಸಿದವಳು ಅವಳೇ. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಸಲ ಕೀಮೋ ಎಂದರು. ಭಾವ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದರು.

ಶ್ರಾವಣಿಯ ಮೊದಲ ಪ್ರಯೋಗದ ದಿನ ಅಕ್ಕನ ಎರಡನೆಯ ಕೀಮೋ. ಸೊಪ್ಪಿನ ರಸ ಹಾಕದ ಕೋಶಗಳನ್ನು ನಾನು ಮೊದಲು ಒಡೆದೆ. ಬೇರೆ ಕೆಲಸಕ್ಕೆಂದು ಬರೀ ದ್ರಾವಣದ ಸೀಸೆಯನ್ನೂ ತೆರೆದಿದ್ದೆ. ಆಗ ಫೋನು ಬಂತು. ಒಂದು ಕೈಯ ಗವಸು ಕಿತ್ತು ಎತ್ತಿಕೊಂಡೆ. "ಕರುಳೇ ಕಿತ್ತು ಬತ್ತಾ ಐತೆ ಕಣ್ಲಾ ರಂಗ. ಇನ್ನೊಂದ್ಸಲ ನಾನು ಬರಾಕಿಲ್ಲ" ಎಂದಳು ಅಕ್ಕ. ಸಮಾಧಾನ ಹೇಳುತ್ತಲೇ ಇನ್ನೊಂದು ಕೈಯಲ್ಲಿ ಎರಡೂ ಸೀಸೆ ಮುಚ್ಚಿದೆ. ಫೋನು ಇಟ್ಟು, ಗವಸು ಹಾಕಿಕೊಂಡು, ಕೆಂಪು ಚುಕ್ಕೆಯ ಸೀಸೆ ತೆಗೆದು ರಸ ಹಾಕಿದ ಕೋಶಗಳನ್ನು ಒಡೆದೆ. ತಪ್ಪನ್ನು ಅಕ್ಕನ ಮೇಲೆ ಹೊರಿಸುತ್ತಿಲ್ಲ. ಫೋನು ಯಾರಿಗಾದರೂ ಬರುತ್ತದೆ. ಗುರುತು ಮೈಮೇಲಿದ್ದಿದ್ದರೆ ಫೋನಿನಿಂದ ಏನೂ ಆಗುತ್ತಿರಲಿಲ್ಲ.

ಮೂರನೆಯ ದಿನ ಫಿಲ್ಮು ತೊಳೆದೆವು. ರಸ ಹಾಕದ ಕಡೆ ದಪ್ಪ ಕಪ್ಪು ಗೆರೆ. ರಸ ಹಾಕಿದ ಕಡೆ ಖಾಲಿ. ಶ್ರಾವಣಿಗೆ ಖುಷಿಯಾದರೆ ತೆಲುಗೇ ಬಾಯಿಗೆ ಬರುವುದು. "ಅಣ್ಣಾ, ಪೋಯಿಂದಿ! ಸೀಲು ಪೋಯಿಂದಿ ಅಣ್ಣಾ!" ಹೋಯಿತು, ಸೀಲು ಹೋಯಿತು ಎಂದು ಕತ್ತಲೆ ಕೋಣೆಯಿಂದ ಕುಣಿಯುತ್ತ ಹೊರಗೆ ಬಂದಳು. ಮೇಡಂ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇನ್ನೆರಡು ಸಲ ಮಾಡಿ" ಎಂದಷ್ಟೇ ಹೇಳಿದರು. ಈಯಮ್ಮನಿಗೆ ಸಂತೋಷ ಪಡುವುದೇ ಗೊತ್ತಿಲ್ಲ ಎಂದುಕೊಂಡೆ.

ಆ ಭಾನುವಾರ ಐ.ಡಿ.ಹಳ್ಳಿಗೆ ಹೋದೆ. ಅಕ್ಕ ತಲೆಗೆ ಟವೆಲು ಸುತ್ತಿಕೊಂಡು ಗೋಡೆಗೊರಗಿ ಕೂತಿದ್ದಳು. ನಾನು ಚಿಕ್ಕವನಿದ್ದಾಗ ಜ್ವರ ಬಂದರೆ ಅವಳು ಕಥೆ ಹೇಳುತ್ತಿದ್ದಳು. ಈಗ ಅವಳಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಇದೊಂದೇ ಕಥೆ. ಸೀಲಿನ ವಿಷಯ ಹೇಳಿದೆ, ನಮ್ಮ ಬುಕ್ಕಾಪಟ್ಟಣದ ಸೊಪ್ಪು ಆ ಸೀಲನ್ನು ಅಳಿಸಿಹಾಕಿತು ಎಂದೆ. ಸೊಪ್ಪಿನ ಹೆಸರನ್ನೂ ಹೇಳಿದೆ. ಅವಳ ಮುಖ ಸ್ವಲ್ಪ ಅರಳಿತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಅವಳು ಆ ಮಾತನ್ನು ಏನು ಮಾಡಿಕೊಂಡಾಳು ಎಂದು ಯೋಚಿಸಲಿಲ್ಲ.

ಶ್ರಾವಣಿಗೆ ಪರೀಕ್ಷೆ ಬಂತು, ರಸ ಮುಗಿದುಹೋಗಿ ಹೊಸದಾಗಿ ತೆಗೆಯಬೇಕಾಯಿತು. ಎರಡನೆಯ ಸಲದ ಪ್ರಯೋಗಕ್ಕೆ ಒಂದೂವರೆ ತಿಂಗಳೇ ಹಿಡಿಯಿತು. ಈ ನಡುವೆ ಅಕ್ಕನಿಗೆ ಫೋನು ಮಾಡುತ್ತಲೇ ಇದ್ದೆ. "ಚೆಂದಾಗಿವ್ನಿ ಕಣ್ಲಾ, ವಾಂತಿ ಗೀಂತಿ ಏನೂ ಇಲ್ಲ, ಎಲ್ಡು ಮುದ್ದೆ ಉಣ್ತೀನಿ" ಎನ್ನುತ್ತಿದ್ದಳು. ಮೈಗೆ ಕೀಮೋ ಒಗ್ಗಿಕೊಂಡಿತು ಎಂದು ನಾನು ಹಿಗ್ಗಿದೆ. ಹೋಗಿದ್ದೆಯಾ ಎಂದು ಒಂದು ಸಲವೂ ಕೇಳಲಿಲ್ಲ.

ಎರಡನೆಯ ಸಲ ಹೊಸ ದ್ರಾವಣ ಕಲಸಿ ಮಾಡಿದೆವು. ಫಿಲ್ಮು ಹೊರಗೆ ತಂದಾಗ ಶ್ರಾವಣಿ ಕುಣಿಯಲಿಲ್ಲ. "ಉಂದಿ ಅಣ್ಣಾ," ಎಂದಳು. ಇದೆ. ರಸ ಹಾಕಿದ ಕಡೆಯೂ ಅಷ್ಟೇ ದಪ್ಪದ ಗೆರೆ. ಮೇಡಂ ಕೂಗಾಡಲಿಲ್ಲ. ಹಳೆಯ ಎರಡು ಸೀಸೆ ಫ್ರೀಜರಿನಲ್ಲಿವೆಯೇ ಎಂದು ಕೇಳಿ, ಸೊಪ್ಪಿನ ಸುದ್ದಿಯೇ ಇಲ್ಲದ ಕೋಶಗಳನ್ನು ಎರಡರಲ್ಲೂ ಒಡೆದು ನೋಡಿ ಎಂದರು. ನೋಡಿದೆವು. ಕೆಂಪು ಚುಕ್ಕೆಯ ಸೀಸೆಯಲ್ಲಿ ಒಡೆದ ಕೋಶಗಳಲ್ಲಿ ಗೆರೆ ಮಾಯ. ಚುಕ್ಕೆ ಇಲ್ಲದ್ದರಲ್ಲಿ ಗೆರೆ ಭದ್ರ. ಅಂದರೆ ಸೀಲು ಕಿತ್ತದ್ದು ಸೊಪ್ಪಲ್ಲ. ತಡೆಮದ್ದು ಇಲ್ಲದ ದ್ರಾವಣದಲ್ಲಿ ಕೋಶದ ಕಿಣ್ವಗಳೇ ಕಿತ್ತುಹಾಕಿದ್ದವು. ಮುಚ್ಚಳಗಳು ಅದಲು ಬದಲಾಗಿದ್ದವು, ಮುಚ್ಚಿದವನು ನಾನು.

ಮೇಡಂ ಮುಂದೆ ನಿಂತು ಒಪ್ಪಿಕೊಂಡೆ. ಅವರು ಪ್ರಯೋಗದ ಪುಸ್ತಕವನ್ನು ನನ್ನ ಕಡೆ ತಳ್ಳಿ, "ನಿಮ್ಮ ಕೈಯಲ್ಲೇ ಬರೀರಿ" ಎಂದರು. ಬರೆದು ಸಹಿ ಹಾಕಿದೆ. ಕೆಲಸ ಹೋಗಲಿಲ್ಲ ಎಂಬ ನೆಮ್ಮದಿಯಲ್ಲಿ ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕೇಳಿದರು: "ರಂಗಸ್ವಾಮಿ, ಇದನ್ನ ಹೊರಗಡೆ ಯಾರಿಗಾದ್ರೂ ಹೇಳಿದ್ರಾ?"

ಅಕ್ಕನ ಫೋನಿನ ಮಾತೆಲ್ಲ ಒಟ್ಟಿಗೆ ನೆನಪಾಯಿತು. ವಾಂತಿ ಇಲ್ಲ. ಎರಡು ಮುದ್ದೆ. ಮೇಡಂ ಹೇಳಿದ್ದು ಮುಂದೆ ಕೇಳಿಸಲಿಲ್ಲ. ಆ ಮೂರು ಫಿಲ್ಮುಗಳನ್ನು ಕೇಳಿ ಇಸಿದುಕೊಂಡು, ಕೊರಟಗೆರೆ, ಮಧುಗಿರಿ ದಾಟಿ ಐ.ಡಿ.ಹಳ್ಳಿಯ ಬಸ್ಸು ಹಿಡಿದೆ. ಮಧುಗಿರಿಯಲ್ಲಿ ಬಸ್ಸು ನಿಂತಾಗ ಬೆಟ್ಟದ ಕಡೆ ಕೈ ಮುಗಿದೆ, ಯಾವ ದೇವರಿಗೆ ಎಂದು ಗೊತ್ತಿರಲಿಲ್ಲ.

ಅಕ್ಕ ಹಟ್ಟಿಯ ಮುಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಭಾವ ಪಕ್ಕದಲ್ಲಿದ್ದರು. ಒಳಗೆ ಒಲೆಯ ಮೇಲೆ ಒಂದು ಗಡಿಗೆ, ಕಹಿ ವಾಸನೆ ಅಂಗಳದವರೆಗೂ ಬರುತ್ತಿತ್ತು.

"ಬಾರ್ಲಾ ರಂಗ, ಕೆಲ್ಸದ ದಿನ ಯಾಕ್ಲಾ ಬಂದ್ಬುಟ್ಟೆ?"

"ಅಕ್ಕಾ, ಕೀಮೋಗೆ ಹೋಗಿದ್ಯಾ?"

"ಯಾಕ್ ಹೋಗ್ಬೇಕು? ಸೊಪ್ಪು ಸೀಲು ಅಳ್ಸಾಕ್ತು ಅಂತ ನೀನೇ ಅಂದ್ಯಲ್ಲ. ಬುಕ್ಕಾಪಟ್ಟಣದಿಂದ ತರುಸ್ಕೊಂಡೆ. ನೋಡಿಲ್ಲಿ." ತಲೆಯ ಟವೆಲು ತೆಗೆದಳು. ಬೋಳಾಗಿದ್ದ ತಲೆಯಲ್ಲಿ ಅಕ್ಕಿಕಾಳಿನುದ್ದ ಕೂದಲು ಬಂದಿತ್ತು. "ಕೂದ್ಲು ಸೈತ ಬತ್ತಾ ಐತೆ."

ಎರಡು ಕೀಮೋ ತಪ್ಪಿಸಿದ್ದಳು. ಭಾವ ತಡೆಯಲಿಲ್ಲವೇ ಎಂದು ನೋಡಿದೆ. "ನೀನೇ ಹೇಳಿದ್ದು ಅಂದ್ಲು. ನಿನಗಿಂತ ನನಗೆ ಗೊತ್ತೈತೇನಪ್ಪ?" ಎಂದರು ಭಾವ.

ನಿಂತೇ ಹೇಳಿದೆ. "ಅಕ್ಕಾ, ಆ ಸೊಪ್ಪು ಏನೂ ಮಾಡಿಲ್ಲ. ಎರಡು ಸೀಸೆ ಮುಚ್ಚಳ ನಾನು ಅದಲು ಬದಲು ಮಾಡ್ಬುಟ್ಟಿದ್ದೆ. ತಪ್ಪು ನಂದು."

ಅಕ್ಕನ ಕೈ ನಿಂತಿತು. "ಒಂದ್ ಮುಚ್ಚಳಕ್ಕೆ ನನ್ ಜೀವ ನೇತಾಕಿದ್ಯೇನ್ಲಾ?"

ನಾನು ಅತ್ತೆ. ಐವತ್ತು ದಾಟಿದ ಗಂಡಸು ಬೀದಿಯವರೆಲ್ಲ ನೋಡುವಂತೆ ಅಂಗಳದಲ್ಲಿ ಕೂತು ಅತ್ತೆ. ಭಾವ ಎದ್ದು ಒಳಗೆ ಹೋಗಿ ಒಲೆಯ ಗಡಿಗೆ ಇಳಿಸಿದರು. ಅಕ್ಕ ಉಳಿದ ಕಡಲೆಕಾಯಿ ಬಿಡಿಸಿ ಮುಗಿಸಿದಳು. ಆಮೇಲೆ ನನ್ನ ಚೀಲದ ಕಡೆ ನೋಡಿ, "ಏನದು, ತೋರ್ಸು" ಎಂದಳು.

ಫಿಲ್ಮು ಕೊಟ್ಟೆ. ಒಂದೊಂದನ್ನೇ ಸೂರ್ಯನಿಗೆ ಹಿಡಿದು ನೋಡಿದಳು. ಎರಡನೆಯ ಸಲದ ಫಿಲ್ಮಿನ ಮೇಲೆ ಬೆರಳಿಟ್ಟಳು.

"ಇದು ಸೊಪ್ಪು ಹಾಕ್ದೇ ಇದ್ದುದ್ದಾ?"

"ಹೂಂ."

"ಇದು ಹಾಕಿದ್ದು. ಎಲ್ಡೂ ಒಂದೇ ತರ ಐತೆ." ಫಿಲ್ಮು ಮಡಿಲಿಗೆ ಹಾಕಿಕೊಂಡಳು. "ಹೊಸಾ ಗೊಬ್ಬರ ತಂದ್ರೆ ನಿಮ್ ಭಾವ ಎಲ್ಡು ಸಾಲಿಗೆ ಹಾಕ್ದೆ ಬುಡ್ತಾರೆ ಕಣ್ಲಾ. ಬೆಳೆ ಚೆಂದಾಗಿ ಬಂದ್ರೆ ಮಳೆದೋ ಗೊಬ್ಬರದ್ದೋ ಗೊತ್ತಾಗ್ಬೇಕಲ್ಲ. ಅಂಗ್ ಬುಟ್ರೂ ಒಂದ್ ವರ್ಷಕ್ಕೇ ಯಾರ್ಗೂ ಹೇಳಾಕಿಲ್ಲ, ಇನ್ನೊಂದ್ ವರ್ಷ ನೋಡ್ತಾರೆ. ಅಷ್ಟ್ ಓದಿರೋ ನಿಂಗೆ ಇದು ಗೊತ್ತಿರ್ಲಿಲ್ವಾ?"

"ಗೊತ್ತಿತ್ತಕ್ಕ."

"ಗೊತ್ತಿದ್ದೂ ಹೇಳ್ಬುಟ್ಟೆ."

"ನಿನ್ ಮುಖ ನೋಡಕ್ಕಾಗ್ಲಿಲ್ಲ."

ಅವಳು ನನ್ನ ತಲೆಯ ಮೇಲೆ ಒಂದು ಮೊಟಕಿದಳು, ಚಿಕ್ಕಂದಿನಲ್ಲಿ ಮೊಟಕುತ್ತಿದ್ದಂತೆ. "ಏಳು, ಕೈಕಾಲು ತೊಳ್ಕೊ. ನಾಳಿಕ್ಕೆ ನೀನೇ ಕರ್ಕೊಂಡ್ ಹೋಗು."

ಮರುದಿನ ನಾನೇ ಕರೆದುಕೊಂಡು ಹೋದೆ. ಡಾಕ್ಟರಿಗೆ ನಡೆದದ್ದೆಲ್ಲ ಹೇಳಿದೆ, ಬೈಸಿಕೊಂಡೆ. ಕೀಮೋ ಮತ್ತೆ ಶುರುವಾಯಿತು. ಹದಿನೈದು ದಿನಕ್ಕೆ ಫೋನು ಮಾಡಿ, "ಮತ್ತೆ ಬೋಳಾದೆ ಕಣ್ಲಾ, ಈಗ ಸಮಾಧಾನಾನಾ?" ಎಂದು ನಕ್ಕಳು. ಉಳಿದ ಎಲ್ಲ ಸಲವೂ ನಾನೇ ಜೊತೆಗೆ ಹೋದೆ. ರಜೆ ಕೊಟ್ಟವರು, ಸಂತೋಷ ಪಡುವುದೇ ಗೊತ್ತಿಲ್ಲ ಎಂದು ನಾನು ಬೈದುಕೊಂಡಿದ್ದ ಅದೇ ಮೇಡಂ. ಶ್ರಾವಣಿ ಸೊಪ್ಪು ಬಿಟ್ಟು ಮಿಕ್‌ನ ಎರಡು ಸೀಲುಗಳ ಕಡೆ ತಿರುಗಿದಳು. ತಡವಾಗಿಯಾದರೂ ಡಾಕ್ಟರೇಟು ಬಂತು. ಪ್ರಬಂಧದ ಮೊದಲ ಪುಟದಲ್ಲಿ ನನ್ನ ಹೆಸರಿಗೆ ವಂದನೆ ಬರೆದಿದ್ದಳು, ನೋಡಿ ನಾಚಿಕೆಯಾಯಿತು.

ಈಗ ಫಿಲ್ಮಿಲ್ಲ, ಕತ್ತಲೆ ಕೋಣೆಯಿಲ್ಲ. ಕ್ಯಾಮೆರಾ ನೇರವಾಗಿ ಪರದೆಯ ಮೇಲೆ ಗೆರೆ ತೋರಿಸುತ್ತದೆ. ತಡೆಮದ್ದು ಮಾತ್ರೆಯಾಗಿ ಬರುತ್ತದೆ, ಸೀಸೆಗೆ ಬಾರ್‌ಕೋಡ್ ಅಂಟಿಸುತ್ತಾರೆ. ಒಳ್ಳೆಯದೇ. ಆದರೆ ಒಳಗೆ ಏನು ಸುರಿದಿರಿ ಎಂಬುದು ಬಾರ್‌ಕೋಡಿಗೆ ಗೊತ್ತಿರುವುದಿಲ್ಲ. ಒಂದು ಸಲ ಕಂಡದ್ದನ್ನು ಮನೆಗೆ ಹೊತ್ತುಕೊಂಡು ಹೋಗಬೇಡ ಎಂದು ತಡೆಯುವ ಯಂತ್ರವನ್ನೂ ಯಾರೂ ಮಾಡಿಲ್ಲ. ಕಾಯಿಲೆಯವರ ಮುಂದೆ ಬರಿಗೈಯಲ್ಲಿ ಕೂರುವುದು ಕಷ್ಟ. ಆದರೂ ಕೂರುವುದು ಕಲಿಯಿರಿ.

ಅಕ್ಕ ಆಮೇಲೆ ನಾಲ್ಕು ವರ್ಷ ಇದ್ದಳು. ನಾನು ಊಟಕ್ಕೆ ಹೋದಾಗಲೆಲ್ಲ ಅಡುಗೆಮನೆಯ ಉಪ್ಪಿನ ಡಬ್ಬಿ, ಸೋಡಾಪುಡಿ ಡಬ್ಬಿ ಎತ್ತಿ ತೋರಿಸುತ್ತಿದ್ದಳು. ಎರಡರ ಹೊಟ್ಟೆಯ ಮೇಲೂ ಸುಣ್ಣದ ಬೊಟ್ಟು, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. "ಮುಚ್ಚಳ ನಂಬಬಾರ್ದು ಕಣ್ಲಾ" ಎನ್ನುತ್ತಿದ್ದಳು. ನನ್ನ ತಪ್ಪನ್ನು ಅವಳು ಊರಿನಲ್ಲಿ ಒಬ್ಬರಿಗೂ ಹೇಳಲಿಲ್ಲ ಎಂದು ಅವಳು ಹೋದ ಮೇಲೆ ಭಾವ ಹೇಳಿದರು.

ಕಾಯಿಲೆ ಮರುಕಳಿಸಿದಾಗ ನಾನು ಡಾಕ್ಟರನ್ನು ಕೇಳಿದ್ದೆ, ಆ ಎರಡು ಕೀಮೋ ತಪ್ಪದಿದ್ದರೆ ಇವಳು ಉಳಿಯುತ್ತಿದ್ದಳೇ ಎಂದು. ತಪ್ಪಿಸದವರಿಗೂ ಮರುಕಳಿಸಿದೆ, ತಪ್ಪಿಸಿದವರೂ ಉಳಿದಿದ್ದಾರೆ, ಇವರ ವಿಷಯದಲ್ಲಿ ಹೇಳಲು ಬರುವುದಿಲ್ಲ ಎಂದರು ಅವರು. ಪ್ರಾಮಾಣಿಕರು. ನನಗೂ ಗೊತ್ತಿತ್ತು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಸಾಲು ಇರಬೇಕಿತ್ತು. ನನಗಿದ್ದವಳು ಒಬ್ಬಳೇ ಅಕ್ಕ.